ಎಬ್ಬಿಸುವ ಮಾತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಯೋಗದ ಕ್ಲಾಸಿಗೆ ಎಂಟು ಜನ ಬಂದಿದ್ದರು. ಕೆಳಗಿನ ಟೈರ್ ಅಂಗಡಿಯವನು ಇವತ್ತೂ ಬೇಗನೆ ಕಂಪ್ರೆಸರ್ ಹಾಕಿದ. "ಸದ್ದು ಬರಲಿ, ಹೋಗಲಿ, ನೀವು ಸುಮ್ಮನೆ ನೋಡುತ್ತಿರಿ" — ಇಪ್ಪತ್ತು ವರ್ಷದಿಂದ ನಾನು ಹೇಳುವುದು ಇದೇ ಮಾತು. ಆ ಕಂಪ್ರೆಸರ್ ಇಲ್ಲದಿದ್ದರೆ ಪಾಠ ಮಾಡಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲವೇನೋ.

ಕೊನೆಗೆ ಎಲ್ಲರನ್ನೂ ಮಲಗಿಸುವ ಹೊತ್ತು. ಬಾಯಿ ತೆರೆದೆ. "ಈಗ ಶ..." ಅಷ್ಟೇ. ಮುಂದೆ ಬರಲಿಲ್ಲ. ಶವಾಸನ. ದಿನಾ ಹೇಳುವ ಪದ. "ಈಗ ವಿಶ್ರಾಂತಿ" ಎಂದು ಸಾಗಹಾಕಿದೆ. ಬ್ಯಾಂಕಿನವಳು ಒಂದು ಕಣ್ಣು ತೆರೆದು ನೋಡಿದಳು. ಗೊರಕೆ ಮೇಷ್ಟ್ರಿಗೆ ಹೆಸರು ಏನಾದರೇನು, ಬೆನ್ನು ನೆಲಕ್ಕೆ ತಾಗಿದ್ದೇ ಗೊರಕೆ ಶುರು.

ರಸ್ತೆ ದಾಟಿದರೆ ಮನೆ. ಬಾಗಿಲಲ್ಲೇ ಆಕ್ಸಿಜನ್ ಮಷೀನಿನ ಸದ್ದು ಕೇಳುತ್ತದೆ. ಗುಂಡ ಮೇಜಿನ ಮೇಲೆ ದಿಂಬು ಪೇರಿಸಿ, ಅದಕ್ಕೆ ಎದೆ ಊರಿ ಕೂತಿದ್ದ. ಮೂಗಿಗೆ ನಳಿಕೆ. ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ಹಗಲೂ ರಾತ್ರಿ ಹೀಗೇ. ಹುಟ್ಟಿದಾಗ ದುಂಡಗಿದ್ದ ಎಂದು ಗುಂಡ ಅಂತ ಕರೆದದ್ದು. ಈಗ ಅಂಗಿ ಮೈಮೇಲಿದೆಯೋ ಹ್ಯಾಂಗರಿನ ಮೇಲಿದೆಯೋ ಗೊತ್ತಾಗುವುದಿಲ್ಲ. ನನ್ನ ತಮ್ಮ. ನನಗಿಂತ ಆರು ವರ್ಷ ಚಿಕ್ಕವನು.

ಕಲ್ಲಿನ ನೆಲ ಪಾಲಿಶ್ ಮಾಡುವ ಕೆಲಸ ಅವನದು. ದೊಡ್ಡ ಮಷೀನನ್ನು ನೀರು ಸುರಿದು ಓಡಿಸುತ್ತಾರೆ, ಧೂಳು ಏಳುವುದಿಲ್ಲ. ಆದರೆ ಮಷೀನು ಮೂಲೆಗೆ ಹೋಗುವುದಿಲ್ಲ. ಮೂಲೆಗಳನ್ನು ಕೈ ಗ್ರೈಂಡರಿನಲ್ಲಿ ಒಣಗಿದ್ದ ಹಾಗೇ ಉಜ್ಜಬೇಕು. ಯಾರ್ಯಾರದೋ ಮನೆಯ ಮೂಲೆಗಳೆಲ್ಲ ಅವನ ಎದೆಯೊಳಗೆ ಹೋಗಿ ಕೂತಿವೆ. ನನ್ನ ಯೋಗದ ಹಾಲಿನ ಮೂಲೆಗಳೂ. ಆ ನೆಲ ಮಾಡಿಕೊಟ್ಟವನು ಅವನೇ. "ನಿನ್ನ ಹೆಣಗಳೆಲ್ಲ ಮಲಗೋದು ನನ್ನ ನೆಲದ ಮೇಲೇ ಅಕ್ಕಾ" ಎಂದು ನಗುತ್ತಿದ್ದ. ಆಗ ನಾನೂ ನಗುತ್ತಿದ್ದೆ.

ಶ್ವಾಸಕೋಶ ಕಲ್ಲಾಗುತ್ತಿದೆ ಎಂದಿದ್ದಾರೆ ಡಾಕ್ಟರಮ್ಮ. ಇನ್ನೆಷ್ಟು ದಿನ ಎಂದು ಕೇಳಿದೆ. ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾನೂ ಮತ್ತೆ ಕೇಳಲಿಲ್ಲ.

ಮಾರ್ಚ್ 5, ಬುಧವಾರ

ಸೋಲು. ನಾಚಿಕೆ.

ಊರವರಿಗೆಲ್ಲ ಉಸಿರು ಕಲಿಸಿದವಳು. ನಿದ್ದೆ ಬಾರದವರು, ಎದೆ ಹಾರುವವರು, ಪರೀಕ್ಷೆಗೆ ಹೆದರಿದವರು — ಎಲ್ಲರಿಗೂ ದಾರಿ ತೋರಿಸಿದವಳು. ಒಡಹುಟ್ಟಿದವನಿಗೆ ಒಂದೇ ಒಂದು ಒಳ್ಳೆಯ ಉಸಿರು ಕೊಡಿಸಲು ಆಗದೇ? ಹಠ ಹಿಡಿದು ಕೂರಿಸಿದೆ. "ನಿಧಾನವಾಗಿ ಒಳಗೆ... ತುಂಬಿಕೊಳ್ಳಲಿ... ಅಲ್ಲೇ ಒಂದು ಕ್ಷಣ ಇರಲಿ..."

ಇರಲಿಲ್ಲ. ಕೆಮ್ಮು ಹತ್ತಿಕೊಂಡಿತು. ಬಗ್ಗಿದವನು ಏಳಲಿಲ್ಲ. ತುಟಿ ನೀಲಿ, ಉಗುರು ನೀಲಿ. ಅಡುಗೆಮನೆಯಿಂದ ಅವನ ಹೆಂಡತಿ ಓಡಿ ಬಂದಳು, ಕೈತುಂಬ ಸೋಪಿನ ನೊರೆ. ಅದೇ ಕೈಯಲ್ಲಿ ಬೆನ್ನು ನೀವಿದಳು. ಅವನ ಅಂಗಿ ನೆನೆಯಿತು.

ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದಳು. "ತುಂಬೋಕೆ ಜಾಗ ಎಲ್ಲಿದೆ ಅತ್ತಿಗೆ? ಕಲ್ಲು ತುಂಬಿದೆ ಅಲ್ಲಿ. ನಿಮ್ಮ ಪಾಠ ಎಲ್ಲ ಜಾಗ ಇರೋರಿಗೆ."

"ನಾನು ಒಳ್ಳೇದಕ್ಕೇ..."

"ನೋಡಿ, ಆ ದನಿ. ಆ ಕ್ಲಾಸ್ ದನಿ ಮನೇಲಿ ಬೇಡ. ನಂಗೆ ಮೈ ಉರಿಯತ್ತೆ."

ಕ್ಲಾಸ್ ದನಿಯೇ? ನಾನು ಮಾತಾಡುವುದೇ ಹೀಗಲ್ಲವೇ? ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬೇರೆ ದನಿಯಲ್ಲಿ ನಾಲ್ಕು ಮಾತು ಆಡಿ ನೋಡಿದೆ. ಯಾವುದೂ ನನ್ನದು ಅನ್ನಿಸಲಿಲ್ಲ.

ಮಾರ್ಚ್ 10, ಸೋಮವಾರ

ಇಂಥ ತಪ್ಪು ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಗುರುಗಳು ಹಾಕಿಕೊಟ್ಟ ಕಟ್ಟಳೆ ಒಂದೇ. ಮಲಗಿಸಿದವರನ್ನು ಎಬ್ಬಿಸದೆ ಹಾಲ್ ಬಿಡಬಾರದು. ಮೊದಲು ಬೆರಳು ಅಲ್ಲಾಡಿಸಿ ಎನ್ನಬೇಕು. ಆಮೇಲೆ ಮಣಿಕಟ್ಟು. ಬಲಮಗ್ಗುಲಿಗೆ ಹೊರಳಿ. ಕೈಯೂರಿ ಏಳಿ. ಅಂಗೈ ಉಜ್ಜಿ ಕಣ್ಣಿಗೆ ಒತ್ತಿಕೊಳ್ಳಿ. ದಾರಿ ತೋರಿಸಿ ಒಳಗೆ ಕಳಿಸಿದವರು ಕೈಹಿಡಿದು ಹೊರಗೂ ಕರೆತರಬೇಕು ಎನ್ನುತ್ತಿದ್ದರು. ಆಸನ ತಪ್ಪಿದರೆ ಬೈಯುತ್ತಿರಲಿಲ್ಲ, ಇದು ತಪ್ಪಿದರೆ ಬೈಯುತ್ತಿದ್ದರು.

ಇವತ್ತು ಎಲ್ಲರೂ ಮಲಗಿದ್ದಾಗ ಫೋನ್ ನಡುಗಿತು. ಅವಳು. "ಮಷೀನ್ ನಿಂತೋಯ್ತು ಅತ್ತಿಗೆ." ಮೆಟ್ಟಿಲು ಹೇಗೆ ಇಳಿದೆನೋ. ಹೋಗಿ ನೋಡಿದರೆ ಪ್ಲಗ್ ಸಡಿಲವಾಗಿತ್ತು. ಒತ್ತಿದೆ, ಶುರುವಾಯಿತು. ನೀರು ಕುಡಿದೆ. ಗುಂಡನ ಪಕ್ಕ ಕೂತೆ. ಅವನ ಉಗುರಿನ ಬಣ್ಣ ಮರಳುವ ತನಕ ನೋಡುತ್ತಾ ಕೂತೆ.

ಥಟ್ಟನೆ ನೆನಪಾಯಿತು.

ಓಡಿದೆ. ಹಾಲಿನಲ್ಲಿ ಎಂಟೂ ಜನ ಹಾಗೇ ಮಲಗಿದ್ದರು. ಬಿಸಿಲು ಕಿಟಕಿಯಿಂದ ಇಳಿದು ಟೈಲರಮ್ಮನ ಮುಖಕ್ಕೆ ಬಂದಿತ್ತು, ಆದರೂ ಅಲ್ಲಾಡಿರಲಿಲ್ಲ. ಯಾಕೆ ಏಳುತ್ತಾರೆ? ನಾನು ಏಳಿ ಎಂದಿರಲಿಲ್ಲವಲ್ಲ. ಬಾಗಿಲಲ್ಲಿ ನಿಂತು ಆ ಎಂಟು ಮೈಗಳ ಹೊಟ್ಟೆ ಏರಿಳಿಯುವುದನ್ನು ಒಂದೊಂದಾಗಿ ಎಣಿಸಿದೆ. ಏದುಸಿರಲ್ಲೇ "ಬೆರಳು ಅಲ್ಲಾಡಿಸಿ" ಎಂದೆ.

ಹೋಗುವಾಗ ಬ್ಯಾಂಕಿನವಳು "ಇವತ್ತು ತುಂಬಾ ಆಳವಾಗಿತ್ತು ಮೇಡಂ, ದಿನಾ ಹೀಗೇ ಮಾಡ್ಸಿ" ಎಂದಳು. ಗೊರಕೆ ಮೇಷ್ಟ್ರಿಗೆ ಮಾತ್ರ ಬಸ್ ತಪ್ಪಿತ್ತು.

ಗುಂಡನಿಗೆ ಹೇಳಿದೆ. ನಕ್ಕ. ನಗಲು ಉಸಿರು ಬೇಕು, ಅದಿಲ್ಲ. ಹೆಗಲು ಮಾತ್ರ ಕುಣಿಯಿತು, ಕಣ್ಣಲ್ಲಿ ನೀರು. "ಎಬ್ಬಿಸ್ದೇ ಇದ್ರೆ... ಹಾಗೇ ಇರ್ತಾರಾ ಅಕ್ಕಾ?" ಎಂದು ಕೇಳಿದ. ಆಮೇಲೆ ಬಹಳ ಹೊತ್ತು ಏನೋ ಯೋಚಿಸುತ್ತಿದ್ದ.

ಮಾರ್ಚ್ 11, ಮಂಗಳವಾರ

ಯೋಚಿಸಿದ್ದು ಏನೆಂದು ಇವತ್ತು ಗೊತ್ತಾಯಿತು.

ಅವನ ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಳು. "ಅಕ್ಕಾ, ಉಸಿರು ತಗೊಳೋದು ಸಾಕು. ಬಿಡೋದು ಹೇಳ್ಕೊಡು."

"ಅದನ್ನೇ ಅಲ್ವಾ ಹೇಳ್ತಿರೋದು. ನಿಧಾನವಾಗಿ..."

"ಅದಲ್ಲ. ಕೊನೇದು."

ಅವನ ಎದೆಯ ಕೆಳಗಿನ ದಿಂಬು ಸರಿಮಾಡತೊಡಗಿದೆ.

"ಸಾಯೋದಕ್ಕೆ ಭಯ ಇಲ್ಲ. ಇದೆ, ಸ್ವಲ್ಪ ಇದೆ. ಆದ್ರೆ ಒದ್ದಾಡಿ ಸಾಯೋದು... ಬಾವಿಗೆ ಬಿದ್ದೋರ ಥರ... ಅದು ಬೇಡ ಅಕ್ಕಾ. ಅಷ್ಟು ಜನಾನ ದಿನಾ ಮಲಗಿಸ್ತೀಯ. ನನ್ನೂ ಒಂದ್ಸಲ ಹಾಗೆ ಮಲಗ್ಸು."

ಒಂದೊಂದು ಮಾತಿಗೂ ನಿಂತು, ಉಸಿರು ಹೆಕ್ಕಿ ತಂದು ಹೇಳಿದ. ನಾನು ಏನು ಹೇಳಿದೆ? ಬರುವುದೆಲ್ಲ ಹೋಗುತ್ತದೆ, ನಾವು ನೋಡುವವರು ಮಾತ್ರ, ನೋಡುವವನಿಗೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಗಿಳಿಪಾಠ. ನನಗೇ ಕೇಳಿಸುತ್ತಿತ್ತು.

"ರೇಡಿಯೋ ಆಫ್ ಮಾಡು" ಎಂದು ನನ್ನ ಬಾಯಿ ಕಡೆ ಬೆರಳು ತೋರಿಸಿದ. ಆಫ್ ಮಾಡಿದೆ.

ಮಾರ್ಚ್ 13, ಗುರುವಾರ

ಮಲಗಿಸಿದೆ! ಕೂರಿಸಿಯೇ. ಕುರ್ಚಿಗೆ ಮೂರು ದಿಂಬು, ಕತ್ತಿಗೆ ಸುತ್ತಿದ ಟವೆಲ್, ಮೊಣಕೈ ಕೆಳಗೆ ಒಂದೊಂದು. ಎಲ್ಲೂ ತನ್ನ ಭಾರ ತಾನು ಹೊರದ ಹಾಗೆ. ಉಸಿರಿನ ಮಾತೇ ಎತ್ತಲಿಲ್ಲ. ಪಾದ, ಮೊಣಕಾಲು, ಹೊಟ್ಟೆ, ಒಂದೊಂದನ್ನೇ ಬಿಡುತ್ತಾ ಬರುವುದು. ಹಣೆಗೆ ಬರುವ ಹೊತ್ತಿಗೆ ಬಾಯಿ ಸ್ವಲ್ಪ ತೆರೆದುಕೊಂಡಿತು. ನಿದ್ದೆ. ಎಷ್ಟು ವಾರಗಳ ಮೇಲೆ!

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮಿಕ್ಸಿ ಹಾಕುವುದನ್ನು ಬಿಟ್ಟಳು.

ಬೆರಳು ಅಲ್ಲಾಡಿಸು ಎಂದಾಗ ಕಣ್ಣು ತೆರೆದ. "ಚೆನ್ನಾಗಿತ್ತು. ಕಲ್ಲು ಇರ್ಲಿಲ್ಲ ಅಕ್ಕಾ."

ಖುಷಿಯಾಯಿತು. ನನ್ನ ವಿದ್ಯೆಗೆ ಒಂದು ಅರ್ಥ ಬಂತು ಎಂದೆಲ್ಲ ಅನ್ನಿಸಿತು. ಕನ್ನಡಿಯಲ್ಲಿ ಮುಖ ನೋಡಿಕೊಂಡೆ, ನಿಜ ಹೇಳುತ್ತೇನೆ.

ಮಾರ್ಚ್ 17, ಸೋಮವಾರ. ಆಸ್ಪತ್ರೆಯ ಕಾರಿಡಾರ್

ಕರೆದುಬಿಟ್ಟೆ.

ಮಧ್ಯಾಹ್ನ ಮಲಗಿಸಿದ್ದೆ. ಹಣೆಯವರೆಗೆ ಬಂದಿದ್ದೆ. ಮುಖ ಸಣ್ಣ ಹುಡುಗನದಾಗಿತ್ತು. ಹೊಟ್ಟೆ ಏರಿತು, ಇಳಿಯಿತು. ಮತ್ತೆ ಏರಲಿಲ್ಲ. ಕಾದೆ. ಏರಿತು, ಸಣ್ಣಗೆ. ಇಳಿಯಿತು. ಅಷ್ಟೇ. ಯಾವ ಒದ್ದಾಟವೂ ಇಲ್ಲ. ಅವನು ಕೇಳಿದ್ದು ಇದೇ. ನನಗೆ ಗೊತ್ತಿತ್ತು ಇದು ಅದೇ ಎಂದು.

ಸುಮ್ಮನೆ ನೋಡುವ ಸಾಕ್ಷಿಯೂ ಇಲ್ಲ, ಸುಡುಗಾಡೂ ಇಲ್ಲ. ಕಿರುಚಿದೆ. "ಗುಂಡಾ!" ಎಂದು ಹೆಗಲು ಹಿಡಿದು ಅಲುಗಾಡಿಸಿದೆ. ಕೆನ್ನೆಗೆ ಹೊಡೆದೆ. ಹೊಡೆದೆ! ಕಣ್ಣು ತೆರೆದ. ಆ ನೋಟ. ನೀರಿನಿಂದ ಎಳೆದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ... ಆಂಬುಲೆನ್ಸ್ ಕರೆದವಳೂ ನಾನೇ.

ಒಳಗೆ ಗಂಟಲಿಗೆ ಟ್ಯೂಬ್ ಹಾಕುತ್ತಿದ್ದಾರೆ. ಗಾಜಿನ ಬಾಗಿಲು. ಅವಳು ನನ್ನ ಕೈ ಹಿಡಿದುಕೊಂಡಿದ್ದಾಳೆ. "ಉಳಿಸಿಬಿಟ್ರಿ ಅತ್ತಿಗೆ" ಎನ್ನುತ್ತಿದ್ದಾಳೆ.

ಮಾರ್ಚ್ 20

ಅವನ ಕೈಗಳನ್ನು ಮಂಚಕ್ಕೆ ಕಟ್ಟಿದ್ದಾರೆ. ಟ್ಯೂಬ್ ಕೀಳುತ್ತಾನಂತೆ.

ಮಾರ್ಚ್ 29, ಶನಿವಾರ

ಮನೆಗೆ ತಂದೆವು. ಅವನಲ್ಲಿ ಅರ್ಧ ಅಲ್ಲೇ ಉಳಿಯಿತು.

ಮಣಿಕಟ್ಟಿನಲ್ಲಿ ಬಟ್ಟೆಯ ಗುರುತು, ನೇರಳೆ ಬಣ್ಣ. ಗಂಟಲು ಸುಲಿದು ಹೋಗಿದೆ, ದನಿ ಇಲ್ಲ. ಸಂಜೆ ಕೈ ಸನ್ನೆಯಿಂದ ಹತ್ತಿರ ಕರೆದ. ಕಿವಿ ಬಾಯಿಗೆ ಹಿಡಿದೆ.

"ಅಷ್ಟು ಚೆನ್ನಾಗಿ ಮಲಗ್ಸಿದ್ದೆ" ಎಂದ. "ಯಾಕೆ ಕರ್ದೆ?"

ಅವನ ಮಣಿಕಟ್ಟಿಗೆ ಎಣ್ಣೆ ಹಚ್ಚಿದೆ.

ನಾವು ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರಮ್ಮ ಹೇಳಿದ್ದಾರೆ: ಮುಂದಿನ ಸಲ ಆಸ್ಪತ್ರೆ ಬೇಡ ಅಂತ ಅವರಿಗಿದ್ದರೆ ತರಬೇಡಿ. ಉಸಿರಿನ ಸಂಕಟಕ್ಕೆ ಡ್ರಾಪ್ಸ್ ಕೊಡ್ತೀನಿ, ಮನೆಗೇ ಬಂದು ನೋಡ್ತೀನಿ. ಗುಂಡನನ್ನೂ ಕೇಳಿದರು. ಬೇಡ ಎಂದು ತಲೆ ಆಡಿಸಿದ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

ಮಾರ್ಚ್ 30, ಭಾನುವಾರ

ಗುರುಗಳಿಗೆ ಫೋನ್ ಮಾಡಿದೆ. ತೊಂಬತ್ತರ ಹತ್ತಿರ ಹತ್ತಿರ, ಕಿವಿ ಮಂದ. ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಎಂಥ ಮಾತನ್ನು ಕೂಗಿ ಹೇಳುವುದು! "ಎಬ್ಬಿಸಬೇಡ ಅಂತಾನೆ ಗುರುಗಳೇ, ನನ್ನ ತಮ್ಮ. ಮಲಗಿಸಿ, ಎಬ್ಬಿಸಬೇಡ ಅಂತಾನೆ. ಏನು ಮಾಡ್ಲಿ?"

ಫೋನ್ ಕಟ್ಟಾಯಿತು ಅಂದುಕೊಂಡೆ.

"ಗೊತ್ತಿಲ್ಲಮ್ಮ" ಎಂದರು. "ನಾನು ಯಾರನ್ನೂ ಹಾಗೆ ಮಲಗ್ಸಿಲ್ಲ."

ಅವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಕೇಳಿದ್ದು ಇದೇ ಮೊದಲು. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ ಅಂತ ಹೋದೆ. ಅದೂ ಇಲ್ಲ. ಆದರೆ ಸುಳ್ಳು ಹೇಳಲಿಲ್ಲ ಅವರು. ಊಟ ಮಾಡಿದ್ಯಾ ಎಂದು ಕೇಳಿ ಫೋನ್ ಇಟ್ಟರು.

ಏಪ್ರಿಲ್ 2, ಬುಧವಾರ

ಇವತ್ತಿನದು ಬರೆಯಲೇಬೇಕು.

ಗುಂಡನ ದನಿ ಸ್ವಲ್ಪ ಮರಳಿದೆ. ಮತ್ತೆ ಅದೇ ಮಾತು ತೆಗೆದ. ನಾನು ಆಗಲ್ಲ ಎಂದೆ. ಭಯ ಎಂದೆ. ಮೊದಲ ಸಲ ಹೇಳಿದ್ದು ಆ ಪದವನ್ನು, ಅವನ ಮುಂದೆ.

"ನಿಂಗೆ ಯಾಕೆ ಭಯ? ನೀನು ದಿನಾ ಮಾಡ್ತೀಯಲ್ಲ" ಎಂದ. "ಮಲಗಿ ತೋರ್ಸು. ನೆಲದ ಮೇಲೆ. ನಾನು ಹೇಳ್ತೀನಿ."

ತಮಾಷೆ ಅಂದುಕೊಂಡು ಮಲಗಿದೆ. ಅವನ ಕುರ್ಚಿಯ ಪಕ್ಕ, ಬರಿ ನೆಲ. ಇದೂ ಅವನು ಮಾಡಿದ ನೆಲವೇ. ತಣ್ಣಗಿತ್ತು.

ಶುರು ಮಾಡಿದ. ನನ್ನದೇ ದನಿ, ನನ್ನದೇ ರಾಗ. ಅಣಕಿಸುತ್ತಿದ್ದ, ಕಳ್ಳ. "ಪಾದಗಳು... ಸಡಿಲ... ಆಹಾ, ಎಷ್ಟು ಸಡಿಲ..." ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದ. ನಗು ಬಂತು ನನಗೆ. ಮೊಣಕಾಲಿಗೆ ಬಂದ. ಸೊಂಟಕ್ಕೆ ಬಂದ. ಹೊಟ್ಟೆಗೆ ಬಂದಾಗ ನಗು ನಿಂತಿತ್ತು. "ಎದೆ ಬಿಟ್ಬಿಡು ಅಕ್ಕಾ" ಎಂದ.

ಎದೆಯೊಳಗೆ ಏನೋ ಎದ್ದು ಬಡಿಯತೊಡಗಿತು. ಬಾಗಿಲಿಗೆ ಹೊರಗಿನಿಂದ ಯಾರೋ ಗುದ್ದುವ ಹಾಗೆ. ಕೈಕಾಲು ತಣ್ಣಗಾದವು. ಕಣ್ಣು ಮುಚ್ಚಿದರೆ ಕೆಳಗೆ ನೆಲವೇ ಇಲ್ಲ. ಧಡಕ್ಕನೆ ಎದ್ದು ಕೂತೆ. ಬೆವತಿದ್ದೆ.

"ಏಯ್... ಇನ್ನೂ ಎಬ್ಬಿಸಿಲ್ಲ ನಾನು!"

ಆಗ ಹೊಳೆಯಿತು. ಇಪ್ಪತ್ತು ವರ್ಷದಲ್ಲಿ ನಾನು ಮಲಗಿಯೇ ಇಲ್ಲ. ಕ್ಲಾಸಿನಲ್ಲಿ ಯಾರಾದರೊಬ್ಬರು ಎಚ್ಚರವಿರಬೇಕಲ್ಲ, ಅದು ನಾನು. ಬೆನ್ನು ನೆಟ್ಟಗೆ ಕೂತು ಎಲ್ಲರ ಹೊಟ್ಟೆ ಏರುವುದು ಇಳಿಯುವುದು ನೋಡುವವಳು. ಮನೆಯಲ್ಲಿ ಒಬ್ಬಳೇ ಇದ್ದಾಗ ಎಬ್ಬಿಸುವವರು ಇಲ್ಲವೆಂದು ಮಾಡಲಿಲ್ಲ. ನೋಡುವವಳು ನೋಡುವವಳು ಎಂದು ಹೇಳಿಕೊಂಡದ್ದೆಲ್ಲ ಇಷ್ಟೇ. ಕಾವಲುಗಾರ್ತಿ. ಬಿಡಿ, ಬಿಡಿ ಎಂದು ಊರಿಗೆಲ್ಲ ಹೇಳಿದವಳು ಒಂದು ದಿನವೂ ಬಿಟ್ಟಿಲ್ಲ. ದೀಪದ ಬುಡ ಕತ್ತಲೆ ಅಂದರೆ ಇದೇ.

ಅವನಿಗೆ ಹೇಳಿದೆ. ಅವನು ನಗಲಿಲ್ಲ. "ಹಾಗಾದ್ರೆ ಇಬ್ರೂ ಕಲಿಯೋಣ" ಎಂದ.

ಏಪ್ರಿಲ್ 3

ಹಾಲಿನಲ್ಲಿ ಒಬ್ಬಳೇ ಮಲಗಿ ನೋಡಿದೆ. ಹೊಟ್ಟೆಯವರೆಗೂ ಆಗಲಿಲ್ಲ. ಎದ್ದು ಮ್ಯಾಟುಗಳನ್ನು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಇಷ್ಟು ವರ್ಷ ಏನು ಕಲಿಸಿದೆ ಇವರಿಗೆಲ್ಲ? ನಾಳೆಯಿಂದ ಕ್ಲಾಸ್ ಇಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ.

ಏಪ್ರಿಲ್ 7, ಸೋಮವಾರ

ದಿನಾ ಮಲಗಿಸುತ್ತಿದ್ದಾನೆ ನನ್ನನ್ನು. ಗುರು ಈಗ ಅವನು. ಅಣಕ ಬಿಟ್ಟಿದ್ದಾನೆ, ಉಸಿರು ಸಾಲುವುದಿಲ್ಲ. ಒಂದೊಂದೇ ಪದ. "ಪಾದ." "ಮಂಡಿ." "ಹೊಟ್ಟೆ." ಅವನ ಪದಗಳ ನಡುವೆ ಇರುವ ಜಾಗ ನನ್ನ ಯಾವ ಪಾಠದಲ್ಲೂ ಇರಲಿಲ್ಲ.

ಇವತ್ತು "ಎದೆ" ಎಂದಾಗ ಓಡಲಿಲ್ಲ. ಬಡಿತ ಬಂತು. ಬರಲಿ ಎಂದು ಇದ್ದೆ. ಭಯ ಬಂತು. ಅದರ ಕೆಳಗೆ ಇನ್ನೇನೋ ಇತ್ತು, ಅಳು. ಅಷ್ಟೇ ಇದ್ದದ್ದು ಅಲ್ಲಿ. ಇಷ್ಟು ವರ್ಷ ಇದಕ್ಕೆ ಕಾವಲು ಕೂತೆನೇ? ಮಲಗಿದ್ದಲ್ಲೇ ಅತ್ತೆ, ನೀರು ಕಿವಿಯೊಳಗೆ ಹೋಯಿತು. ಗುಂಡ ಹೋಗುತ್ತಾನೆ. ನನ್ನ ಗುಂಡ ಹೋಗುತ್ತಾನೆ, ಅವನಿಲ್ಲದ ಮನೆಯಲ್ಲಿ ನಾನು ಇರಬೇಕು, ನನಗೆ ಬೇಡ. ಹೀಗೆ ನೇರವಾಗಿ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಅವನು ಅಳಲು ಬಿಟ್ಟ. ಎಷ್ಟೋ ಹೊತ್ತಿನ ಮೇಲೆ ಮೇಲಿನಿಂದ ಕೇಳಿಸಿತು. "ಬೆರಳು... ಅಲ್ಲಾಡ್ಸು ಅಕ್ಕಾ."

ಅಲ್ಲಾಡಿಸಿದೆ. ಬಲಮಗ್ಗುಲಿಗೆ ಹೊರಳಿದೆ. ಎದುರಿಗೆ ಅವನ ಪಾದ, ಊದಿಕೊಂಡದ್ದು. ಅದನ್ನು ಹಿಡಿದುಕೊಂಡೇ ಎದ್ದೆ. ಕರೆಯುವವರು ಇದ್ದರೆ ಎಷ್ಟು ಚೆನ್ನ! ಇದು ಗೊತ್ತಿಲ್ಲದೆಯೇ ಇಷ್ಟು ಜನರನ್ನು ಕರೆದೆ.

"ಈಗ ಹೇಳು. ಮಲಗಿಸ್ತೀಯಾ?"

"ಮಲಗಿಸ್ತೀನಿ."

"ಕರೀಬಾರ್ದು."

ಅವನ ಪಾದದ ಮೇಲೆ ಹೊದಿಕೆ ಎಳೆದೆ.

"ಅಕ್ಕಾ."

"ಕರೆಯಲ್ಲ."

ಕೈಮೇಲೆ ಕೈ ಹಾಕಿಸಿಕೊಂಡ, ಚಿಕ್ಕವನಿದ್ದಾಗಿನ ಹಾಗೆ.

ಏಪ್ರಿಲ್ 9, ಬುಧವಾರ

ಅವಳು ಕೇಳಿಸಿಕೊಂಡಿದ್ದಾಳೆ. ಎರಡು ದಿನ ನನ್ನ ಜೊತೆ ಮಾತಿರಲಿಲ್ಲ. ಇವತ್ತು ಒಡೆಯಿತು.

"ಅಕ್ಕ ತಮ್ಮ ಸೇರ್ಕೊಂಡು ಏನು ಮಾಡ್ತಿದೀರಿ ಅಂತ ನಂಗೆ ಗೊತ್ತು. ಸಾಯೋದು ಕಲಿಸ್ತಿದೀರ ನೀವು ಅವ್ರಿಗೆ. ನೀವು ಕರೀದಿದ್ರೆ ನಾನು ಕರೀತೀನಿ. ನನ್ನ ಗಂಡ ಅವ್ರು."

ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ನುಂಗಲಾರೆ, ಉಗುಳಲಾರೆ. "ನಂಗೂ ಕರೀಬೇಕು ಅಂತಾನೇ ಅನ್ಸೋದು" ಎಂದೆ. ಯಾವ ದನಿಯಲ್ಲಿ ಹೇಳಿದೆನೋ, ಅವಳು ಥಟ್ಟನೆ ನನ್ನ ಮುಖ ನೋಡಿದಳು.

ಗುಂಡ ಕುರ್ಚಿಯಿಂದ ಕೈ ಎತ್ತಿ ಅವಳನ್ನು ಕರೆದ. ಮಣಿಕಟ್ಟು ತೋರಿಸಿದ. ನೇರಳೆ ಈಗ ಹಳದಿಗೆ ತಿರುಗಿದೆ. "ನೋಡಿದ್ಯಲ್ಲ... ಅಲ್ಲಿ."

"ನೋಡಿದೀನಿ" ಎಂದಳು. ಆಮೇಲೆ ನನಗೆ ಹೇಳಿದಳು, ಜಗಳದ ದನಿಯಲ್ಲೇ: "ನರ್ಸ್ ಆ ಕಡೆ ಹೋದಾಗ ಒಂದು ಗಂಟು ನಾನೇ ಬಿಚ್ತಿದ್ದೆ ಅತ್ತಿಗೆ. ಬಿಚ್ಚಿ ಕೈ ಹಿಡ್ಕೋತಿದ್ದೆ. ಅವ್ಳು ಬಂದ್ರೆ ಮತ್ತೆ ಕಟ್ತಿದ್ದೆ. ನಾನೇ ಕಟ್ತಿದ್ದೆ."

ಅಡುಗೆಮನೆಗೆ ಹೋದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಏಪ್ರಿಲ್ 11, ಶುಕ್ರವಾರ

ಏನೂ ಇಳಿಯುತ್ತಿಲ್ಲ. ಚಮಚದಲ್ಲಿ ನೀರು. ಡಾಕ್ಟರಮ್ಮ ಬಂದು ನಾಡಿ ನೋಡಿದರು, ಡ್ರಾಪ್ಸ್ ಹೆಚ್ಚಿಸಿದರು. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಅವಳ ತಲೆ ಸವರಿದರು.

ಸಂಜೆ ಮೆಟ್ಟಿಲ ಹತ್ತಿರ ಟೈಲರಮ್ಮ ಸಿಕ್ಕಿದಳು. ಚೀಟಿ ಹಾಕಿದ್ದರೂ ಎಲ್ಲರೂ ಬಂದು ಮಲಗಿ ಹೋಗುತ್ತಾರಂತೆ. ಗೊರಕೆ ಮೇಷ್ಟ್ರು ಎಬ್ಬಿಸುತ್ತಾರಂತೆ. "ಅವ್ರೇ ಮೊದ್ಲು ನಿದ್ದೆ ಹೋಗ್ತಾರೆ ಮೇಡಂ, ಆಮೇಲೆ ಅವ್ರನ್ನ ನಾವು ಎಬ್ಬಿಸಿ, ಅವ್ರು ನಮ್ಮನ್ನ ಎಬ್ಬಿಸ್ತಾರೆ." ನಕ್ಕೆ. ನಗುತ್ತಿದ್ದ ಹಾಗೆಯೇ ಅಳು ಬಂತು. ಅವಳು ಟೇಪು ನೇತಾಡುವ ಕೊರಳಿಗೆ ನನ್ನ ತಲೆ ಒತ್ತಿಕೊಂಡಳು.

ಏಪ್ರಿಲ್ 12, ಶನಿವಾರ. ಮಧ್ಯಾಹ್ನ ಎರಡು ಗಂಟೆ

ಬೆಳಿಗ್ಗೆಯಿಂದ ಉಸಿರು ಮೇಲುಮೇಲಕ್ಕೆ. ಕತ್ತಿನ ನರಗಳೆಲ್ಲ ಎದ್ದು ಎಳೆಯುತ್ತಿದ್ದವು. ಡ್ರಾಪ್ಸ್ ಹಾಕಿದೆವು. ಸ್ವಲ್ಪ ಇಳಿಯಿತು. ಅವನು ನನ್ನನ್ನು ನೋಡಿದ. ತುಟಿ ಆಡಿತು. "ಶುರು" ಎಂದ. ಆಮೇಲೆ ಇನ್ನೊಂದು ಪದ. "ರೇಡಿಯೋ ಬೇಡ."

ದಿಂಬುಗಳನ್ನು ಸರಿಮಾಡಿದೆ. ಅವಳು ಬಂದು ಅವನ ಕಾಲ ಹತ್ತಿರ ನೆಲದ ಮೇಲೆ ಕೂತಳು. ಬೇಡ ಎನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಮಣಿಕಟ್ಟಿನ ಮೇಲೆ.

ಯಾವ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ. ಕ್ಲಾಸಿನ ಒಂದು ಮಾತೂ ಬರಲಿಲ್ಲ.

"ಪಾದ ಬಿಡೋ ಗುಂಡಾ. ಒದ್ದೆ ಸಿಮೆಂಟಿನ ಮೇಲೆ ನಿಂತೂ ನಿಂತೂ ಬಿರಿದ ಪಾದ. ಸಾಕು, ಬಿಡು. ಮಂಡಿ ಬಿಡು. ಯಾರ್ಯಾರ ಮನೆ ಮೂಲೇಲೋ ಊರಿದ ಮಂಡಿ. ಇನ್ನು ಯಾವ ಮೂಲೆನೂ ಬಾಕಿ ಇಲ್ಲ, ಎಲ್ಲಾ ಆಯ್ತು. ಕೈ ಬಿಡು. ಗ್ರೈಂಡರ್ ಆಫ್ ಮಾಡು. ಕೆಳಗಿಡು. ನಿಂತಿತು ನೋಡು, ಸದ್ದಿಲ್ಲ. ಹೆಗಲು ಬಿಡು. ಎದೆ... ಎದೆ ಬಿಡೋ ನನ್ನಪ್ಪಾ. ನಾನು ಹಿಡ್ಕೊಂಡಿದೀನಿ."

ಹಣೆ ಸಡಿಲವಾಯಿತು. ಕತ್ತಿನ ನರಗಳು ಇಳಿದವು. ಒದ್ದಾಟವಿಲ್ಲ.

ಎರಡೂವರೆ

ಮಲಗಿದ್ದಾನೆ. ಹೊಟ್ಟೆ ಏರುತ್ತದೆ, ಇಳಿಯುತ್ತದೆ. ನಡುವೆ ಬಹಳ ಹೊತ್ತು ಏನೂ ಇಲ್ಲ.

ಕೈ ಬಾಯಿಗೆ ಹೋಗುತ್ತಿದೆ. ಕರೆಯುವ ಮಾತು ನಾಲಿಗೆಯ ತುದಿಯಲ್ಲಿ ನಿಂತಿದೆ. ಇಪ್ಪತ್ತು ವರ್ಷದ ರೂಢಿ. ಮಲಗಿಸಿದವರನ್ನು ಎಬ್ಬಿಸದೆ ಬಿಟ್ಟವಳಲ್ಲ. ಬರೆಯುತ್ತಿದ್ದರೆ ಬಾಯಿ ಮುಚ್ಚಿರುತ್ತದೆ ಎಂದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿದೆ.

ಏರಿತು. ಇಳಿಯಿತು.

ಪೆನ್ನು ಒಂದು ಕ್ಷಣ ನಿಲ್ಲಿಸಿದ್ದೆ. ಬಾಯಿ ತೆರೆದೇಬಿಟ್ಟಿದ್ದೆ. ಅವಳು ತಲೆ ಎತ್ತಿ ನೋಡಿದಳು. ಕಣ್ಣು ಕೆಂಪು, ಸೆರಗು ಹಲ್ಲಿನಲ್ಲಿ ಕಚ್ಚಿದ್ದಾಳೆ. ಅದನ್ನು ಬಿಟ್ಟು ಮೆಲ್ಲಗೆ ಹೇಳಿದಳು.

"ಬರೀತಾ ಇರಿ ಅತ್ತಿಗೆ."

ಬರೆಯುತ್ತಿದ್ದೇನೆ. ಮಷೀನಿನ ಸದ್ದು ಇದೆ. ಎದುರಿನ ಕಂಪ್ರೆಸರ್ ಈಗ ನಿಂತಿತು. ಬಿಸಿಲು ಅವನ ಪಾದದ ಹತ್ತಿರ ಬಂದಿದೆ, ನೆಲ ಹೊಳೆಯುತ್ತಿದೆ. ಏರಿತು, ಸಣ್ಣಗೆ. ಇಳಿಯಿತು.

ಇಳಿದೇ ಇದೆ.

ಬೆರಳು ಅಲ್ಲಾಡಿಸು ಅನ್ನುವುದಿಲ್ಲ. ಬಲಮಗ್ಗುಲಿಗೆ ಹೊರಳು ಅನ್ನುವುದಿಲ್ಲ. ಏಳು ಅನ್ನುವುದಿಲ್ಲ. ಅನ್ನುವುದಿಲ್ಲ ಗುಂಡಾ. ಮಲಗು. ನಾನು ಇಲ್ಲೇ